ಮನೆ ನಮ್ಮದು, ನೆಲ ಧನಿಗಳದ್ದು

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಒಂದು ಸಂಜೆ ಅವಳು ಈಟನ್ ಸ್ಕ್ವೇರ್ ತೋರಿಸಿದಳು. ಬೆಲ್‌ಗ್ರೇವಿಯಾ ಅಂದರೆ ಅಲ್ಲಿನ ಭಾರೀ ಶ್ರೀಮಂತರ ಕೇರಿ. ಸಾಲಾಗಿ ಎತ್ತರದ ಬಿಳಿ ಮನೆಗಳು. ನಡುವೆ ಆರು ತೋಟ, ಸುತ್ತ ಕಪ್ಪು ಕಬ್ಬಿಣದ ಬೇಲಿ, ಗೇಟಿಗೆ ಬೀಗ. ಕೀಲಿ ಇರುವುದು ಅಲ್ಲಿ ವಾಸವಿದ್ದವರಿಗೆ ಮಾತ್ರ. ಬೇಲಿ ಹಿಡಿದು ಒಳಗಿನ ಹುಲ್ಲು ನೋಡುತ್ತಾ ನಿಂತೆ.

"ಕೋಟಿಗಟ್ಟಲೆ ಕೊಟ್ಟರೂ ಇಲ್ಲಿ ಹೆಚ್ಚಿನವರಿಗೆ ನೆಲ ಸಿಗುವುದಿಲ್ಲ ಅಮ್ಮ. ಇಷ್ಟು ವರ್ಷ ಅಂತ ಲೀಸ್ ಅಷ್ಟೇ" ಅಂದಳು.

"ಅಂದರೆ ಗೇಣಿ, ಅಲ್ವಾ?" ಅಂದೆ. ನನಗೆ ಮಂಗಳೂರಿನ ಮಣ್ಣಗುಡ್ಡೆಯ ನಮ್ಮ ಮನೆ ನೆನಪಾಯಿತು.

ನಮ್ಮದು ಮೂಲಗೇಣಿ ಜಾಗ, 12 ಸೆಂಟ್ಸ್. ಮೂಲಗೇಣಿ ಅಂದರೆ ತಲೆತಲಾಂತರದ ಶಾಶ್ವತ ಗೇಣಿ; ಮನೆ ನಮ್ಮದು, ನೆಲ ಮಾತ್ರ ಅದರ ಒಡೆಯರಾದ ಧನಿಗಳದ್ದು. ಮುರಕಲ್ಲಿನ ಗೋಡೆ, ಹಂಚಿನ ಮಾಡು ಅಜ್ಜ ಕಟ್ಟಿಸಿದ್ದು. ವರ್ಷಕ್ಕೊಮ್ಮೆ ಅಪ್ಪ ಒಗೆದ ಪಂಚೆ ಉಟ್ಟು, ನನ್ನ ಕೈ ಹಿಡಿದು ಧನಿಗಳ ಮನೆಗೆ ಹೋಗುತ್ತಿದ್ದರು. ಗೇಣಿ ಒಂಬತ್ತು ರೂಪಾಯಿ. ಕುಳಿತುಕೊಳ್ಳಿ ಅಂದರೂ ಅಪ್ಪ ಜಗಲಿಯಲ್ಲಿ ನಿಂತೇ ಇರುತ್ತಿದ್ದರು. ರಶೀದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಮಾಡು ರಿಪೇರಿಗೆ ಸಾಲ ಕೇಳಿದಾಗ ಬ್ಯಾಂಕಿನವರು ಧನಿಗಳ ಒಪ್ಪಿಗೆ ಪತ್ರ ತನ್ನಿ ಅಂದರು. ಅದು ಸಿಗಲೇ ಇಲ್ಲ. ಆ ಮಳೆಗಾಲವೆಲ್ಲ ಚಾವಡಿಯಲ್ಲಿ ಪಾತ್ರೆ ಇಟ್ಟುಕೊಂಡೇ ಕಳೆದೆವು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್, ಅಂದರೆ ಒಡೆತನ ಕೇಳುವ ಅರ್ಜಿ, ಹಾಕಿ ಹಳ್ಳಿಯ ಮಾವನಿಗೆ ಗದ್ದೆ ಸಿಕ್ಕಿತು. ಪೇಟೆಯ ಮನೆ ಜಾಗಕ್ಕೆ ಆ ಕಾನೂನು ಬರಲಿಲ್ಲ.

ಈಟನ್ ಸ್ಕ್ವೇರಿನ ಧನಿಗಳು ಗ್ರೋವ್ನರ್ ಮನೆತನದವರು. 1677ರಲ್ಲಿ ಥಾಮಸ್ ಗ್ರೋವ್ನರ್ ಮದುವೆಯಾದ ಮೇರಿ ಡೇವಿಸ್‌ಗೆ ಆಗ ಬರೀ 12 ವರ್ಷ. ಆ ಮಗುವಿನ ಜೊತೆ ಬಂದ ನೆಲ ಇದು. ಆಗ ಇಲ್ಲಿ ನೀರು ನಿಲ್ಲುವ ಬಯಲು. 1826ರ ಹೊತ್ತಿಗೆ ಥಾಮಸ್ ಕ್ಯೂಬಿಟ್ ಎಂಬ ಮೇಸ್ತ್ರಿ ಸ್ಕ್ವೇರ್ ಕಟ್ಟಲು ಶುರು ಮಾಡಿದ. ಮುಂದೆ 1967ರಲ್ಲಿ ಒಂದು ಕಾನೂನು ಬಂತು. ದೀರ್ಘ ಲೀಸಿನಲ್ಲಿ ಮನೆ ಹಿಡಿದವರು ನೆಲವನ್ನೂ ಕೊಂಡುಕೊಳ್ಳಬಹುದು ಅಂತ. ಬೆಲ್‌ಗ್ರೇವಿಯಾದ ಮನೆಗಳು ಕೈಬಿಟ್ಟು ಹೋಗತೊಡಗಿದಾಗ ಆ ಎಸ್ಟೇಟಿನ ಟ್ರಸ್ಟಿಗಳು ಯುರೋಪಿನ ಮಾನವ ಹಕ್ಕುಗಳ ಕೋರ್ಟಿನವರೆಗೂ ಹೋದರು. 1986ರಲ್ಲಿ ಸೋತರು.

ಮಗಳು ಇದನ್ನು ಫೋನಿನಲ್ಲಿ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು. ನಮ್ಮ ದಕ್ಷಿಣ ಕನ್ನಡ, ಉಡುಪಿಯ ಮೂಲಗೇಣಿದಾರರಿಗೂ ಒಡೆತನ ಕೊಡುವ ಕಾಯಿದೆ ಬಂದಿದೆ, 2011ರದ್ದು. ಧನಿಗಳಿಗೆ ನ್ಯಾಯವಾಗಿ ಸಲ್ಲಬೇಕಾದ ದುಡ್ಡು ಸಲ್ಲಲಿ. ಆದರೆ ಮೂರು ತಲೆಮಾರು ಬಾಳಿದ ಅಂಗಳವನ್ನು ನಮ್ಮದು ಅನ್ನಲು ಇನ್ನೊಬ್ಬರ ಚೀಟಿ ಯಾಕೆ ಬೇಕು? ಅಪ್ಪ ಆ ಕಾಯಿದೆ ನೋಡಲು ಉಳಿದಿರಲಿಲ್ಲ.

ಊರಿಗೆ ಬಂದ ಮರುದಿನವೇ ಬಿಸ್ಕತ್ತಿನ ಡಬ್ಬಿ ತೆಗೆದು ರಶೀದಿಗಳನ್ನು ಹರಡಿದೆ. ಎಲ್ಲದರಲ್ಲೂ ಅದೇ ನಾಲ್ಕು ಮಡಿಕೆ. ಒಂದರ ಹಿಂದೆ ಅಪ್ಪನ ಪೆನ್ಸಿಲ್ ಅಕ್ಷರ: "ಹಿತ್ತಿಲ ಹಲಸು 1961ರಲ್ಲಿ ನೆಟ್ಟದ್ದು. ನೆಟ್ಟವರು ನಾವು."