ಅಂಡಮಾನಿಗೆ ಹೊರಟಾಗ ನಾವು ಯಾವ ದ್ವೀಪ ಇಟ್ಟುಕೊಂಡೆವು, ಯಾವುದನ್ನು ಬಿಟ್ಟೆವು

ತುಂಗಭದ್ರಾ ಡ್ಯಾಮಿನ 19ನೇ ಗೇಟು 2024ರ ಆಗಸ್ಟಿನಲ್ಲಿ ಕೊಚ್ಚಿಕೊಂಡು ಹೋಯಿತಲ್ಲ, ಆ ಮೇಲೆ ಹೊಸ ಗೇಟು ಕೂರಿಸುವ ಕೆಲಸಕ್ಕಾಗಿ ಈ ಸಲ ಎರಡನೇ ಬೆಳೆಗೆ ಕಾಲುವೆ ನೀರು ಬಿಡಲಿಲ್ಲ. ಸಿಂಧನೂರಿನ ಭತ್ತದ ಮನೆಗಳಲ್ಲಿ ಜನವರಿ ಅಂದರೆ ನಾಟಿ, ಊರು ಬಿಟ್ಟು ಕದಲುವ ಮಾತೇ ಇಲ್ಲ. ಈ ಸಲ ಗದ್ದೆ ಬರಿದಾಗಿ ಬಿದ್ದಿತ್ತು. "ಹಿಂಗ ಪುರಸತ್ತು ಮತ್ತ ಯಾವಾಗ ಸಿಗತೈತಿ?" ಅಂತ ಮನೆಯವರೇ ಮಾತು ತೆಗೆದರು. ಅತ್ತೆಗೆ ಸಮುದ್ರ ನೋಡುವ ಆಸೆ ಬಹಳ ವರ್ಷದ್ದು, ಮಗನಿಗೆ ನೀರೊಳಗಿನ ಹವಳ ನೋಡಬೇಕು. ಅಂಡಮಾನ್ ಎಂದಾಯಿತು.

ಅಲ್ಲಿಂದ ಶುರುವಾಯಿತು ಕಷ್ಟ. ಅಂಡಮಾನ್-ನಿಕೋಬಾರಿನಲ್ಲಿ ಬಂಡೆ, ನಡುಗಡ್ಡೆ ಎಲ್ಲ ಸೇರಿ ಎಂಟುನೂರಕ್ಕೂ ಹೆಚ್ಚು. ಜನ ಇರುವುದು ಕೆಲವೇ ಕೆಲವುಗಳಲ್ಲಿ, ನಿಕೋಬಾರಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಇಷ್ಟು ಕಳೆದರೂ ಟ್ರಾವೆಲ್ಸಿನವರ ಪಟ್ಟಿಯಲ್ಲಿ ದಿನಕ್ಕೊಂದು ದ್ವೀಪ ತುಂಬಿತ್ತು: ಹ್ಯಾವ್‌ಲಾಕ್, ನೀಲ್, ರಾಸ್, ನಾರ್ತ್ ಬೇ, ಜಾಲಿ ಬಾಯ್, ಬಾರಾಟಾಂಗ್, ದಿಗ್ಲಿಪುರ. ಬೆಳಗಾದರೆ ಚೀಲ ಕಟ್ಟು, ದೋಣಿ ಹತ್ತು. ಮೊಣಕಾಲು ನೋವಿನ ಅತ್ತೆಯನ್ನು ಕರೆದುಕೊಂಡು ಹಾಗೆ ಓಡಾಡುವುದು ನನಗೆ ಬೇಡವಾಗಿತ್ತು.

ಮೊದಲು ಕೈಬಿಟ್ಟದ್ದು ಬಾರಾಟಾಂಗ್. ಅಲ್ಲಿ ಸುಣ್ಣಕಲ್ಲಿನ ಗುಹೆಗಳಿವೆ, ಕೆಸರು ಉಕ್ಕುವ ಪುಟ್ಟ ಜ್ವಾಲಾಮುಖಿ ಇದೆ, ಚೆನ್ನಾಗಿಯೇ ಇರುತ್ತದೆ. ಆದರೆ ಪೋರ್ಟ್ ಬ್ಲೇರಿನಿಂದ ಅಲ್ಲಿಗೆ ಹೋಗುವ ರಸ್ತೆ ಜರಾವಾ ಎಂಬ ಆದಿವಾಸಿ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಗಾಡಿಗಳನ್ನು ಸಾಲುಗಟ್ಟಿಸಿ ಬಿಡುತ್ತಾರೆ, ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಆ ರಸ್ತೆ ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತ್ತು. ನಮ್ಮ ಅಂಗಳದ ನಡುವೆ ದಿನಾ ಬೆಳಗ್ಗೆ ನೂರಾರು ಗಾಡಿ ಹಾಯ್ದು, ಒಳಗಿದ್ದವರು ನಮ್ಮ ಮಕ್ಕಳನ್ನು ಇಣುಕಿ ನೋಡುತ್ತಾ ಹೋದರೆ ಹೇಗಿರುತ್ತದೆ? ಗುಹೆ ನೋಡದಿದ್ದರೂ ನಡೆಯುತ್ತದೆ ಎಂದೆ. ಮಗ ಮೊದಲು ಮುಖ ಗಂಟಿಕ್ಕಿದ, ಆಮೇಲೆ ತಾನೇ ಓದಿಕೊಂಡು ಒಪ್ಪಿದ. ದಿಗ್ಲಿಪುರದ ದಾರಿಯೂ ಅದೇ, ಮೇಲಾಗಿ ಸುಮಾರು ಮುನ್ನೂರು ಕಿಲೋಮೀಟರು. ಅದೂ ಹೋಯಿತು.

ನೀಲ್ ದ್ವೀಪವನ್ನು ಆರಿಸಿಕೊಟ್ಟವಳು ದೀದಿ. ನಮ್ಮ ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳು ನೆಲೆಸಿರುವುದು ಈ ಕಡೆಯವರಿಗೆ ಗೊತ್ತು. ನನ್ನ ಕುಪ್ಪಸ ಹೊಲಿಯುವ ದೀದಿ ಅಲ್ಲಿಯವಳು. ಅಳತೆ ಕೊಡಲು ಹೋದಾಗ ಅಂಡಮಾನಿನ ಸುದ್ದಿ ಹೇಳಿದೆ. "ಅಕ್ಕಾ, ನೀಲ್‌ನಾಗ ನಮ್ಮ ಮಾಮಾ ಅದಾನ" ಅಂದಳು. ಅದೇ ಪೂರ್ವ ಬಂಗಾಳದ ನಿರಾಶ್ರಿತರನ್ನು ಸರ್ಕಾರ ಹ್ಯಾವ್‌ಲಾಕ್, ನೀಲ್ ದ್ವೀಪಗಳಿಗೂ ಕಳಿಸಿತ್ತು. ಒಂದೇ ಮನೆತನದ ಒಂದು ಕವಲು ತುಂಗಭದ್ರೆಯ ಕಾಲುವೆ ಬಯಲಿಗೆ, ಇನ್ನೊಂದು ಸಮುದ್ರದ ನಡುವೆ. "ಹ್ಯಾವ್‌ಲಾಕ್‌ನಾಗ ಬಾಳ ಮಂದಿ. ಅಮ್ಮನ್ನ ಕರಕೊಂಡು ಹೊಂಟಿ ಅಂದ್ರ ನೀಲ್‌ನಾಗ ಹೆಚ್ಚಿಗಿ ದಿನ ಇರು" ಎಂದು ಖಡಕ್ಕಾಗಿ ಹೇಳಿದಳು.

ಬಹಳ ಮಂದಿ ನೀಲ್‌ಗೆ ಬೆಳಗ್ಗೆ ಬಂದು ಸಂಜೆ ವಾಪಸ್ಸು ಹೋಗುತ್ತಾರೆ. ಅದು ಸಾಲದು. ಒಂದೇ ದಂಡೆ ಉಬ್ಬರದಲ್ಲಿ ಒಂದು ಥರ, ಇಳಿತದಲ್ಲಿ ಇನ್ನೊಂದು ಥರ. ಹುಣ್ಣಿಮೆ ಅಮಾವಾಸ್ಯೆಗೆ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಹಾಗಾಗಿ ಭಾರತ ಹುಣ್ಣಿಮೆಯ ಆಸುಪಾಸಿಗೆ ಟಿಕೆಟ್ ಮಾಡಿಸಿದ್ದೆ. ಬೆಳಗ್ಗೆ ನೀರು ತುಂಬಿದಾಗ ಭರತ್‌ಪುರ ದಂಡೆ, ಜೆಟ್ಟಿಯಿಂದ ನಡೆದೇ ಹೋಗಬಹುದು. ಅಲೆ ಜೋರಿಲ್ಲ, ನೆಲ ಸಮ. ಅತ್ತೆ ಸೀರೆ ನೆರಿಗೆ ಎತ್ತಿ ಹಿಡಿದು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತರು, ಸೆರಗಿನಲ್ಲಿ ಕಟ್ಟಿಕೊಂಡು ಬಂದ ಅರಿಷಿಣ ಕುಂಕುಮವನ್ನು ಗಂಗವ್ವಗೆ ಏರಿಸಿದರು, ಎಷ್ಟು ಕರೆದರೂ ಮೇಲೆ ಬರಲಿಲ್ಲ.

ಮಧ್ಯಾಹ್ನದ ಮೇಲೆ ನೀರು ಸರಿದಾಗ ಲಕ್ಷ್ಮಣಪುರದ ಕಲ್ಲಿನ ಸೇತುವೆ ಕಡೆ ಹೋದೆವು. ಸಮುದ್ರವೇ ಕೊರೆದ ಕಮಾನು ಅದು. ದಾರಿಯೆಲ್ಲ ಮೊನಚು ಬಂಡೆ, ಚಪ್ಪಲಿ ಗಟ್ಟಿ ಇರಬೇಕು. ಅತ್ತೆ ಮೆಟ್ಟಿಲ ಹತ್ತಿರ ಎಳನೀರಿನ ಅಂಗಡಿಯಲ್ಲೇ ಕುಳಿತರು. ಬಂಡೆಯ ಗುಂಡಿಗಳಲ್ಲಿ ಉಳಿದ ಬೊಗಸೆ ನೀರಿನಲ್ಲಿ ಬೆರಳುದ್ದದ ಮೀನು, ಕಡಲಸೌತೆ ಎಂಬ ಕಪ್ಪನೆ ಜೀವಿ. ಒಂದು ದೊಡ್ಡ ಚಿಪ್ಪು ಬಾಯಿ ತೆರೆದುಕೊಂಡಿತ್ತು, ಒಳಗಿನ ಮಾಂಸದ ಅಂಚು ನೀಲಿ, ಮೇಲೆ ಕಪ್ಪು ಚುಕ್ಕಿ. ನಮ್ಮ ನೆರಳು ಬಿದ್ದದ್ದೇ ತಡ, ಮೆಲ್ಲಗೆ ಮುಚ್ಚಿಕೊಂಡಿತು. ಮಗ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಅದು ಮತ್ತೆ ತೆರೆಯುವ ತನಕ ಕಾದ. ಚಿಪ್ಪು, ಹವಳದ ಚೂರು ಏನನ್ನೂ ಮನೆಗೆ ತರುವಂತಿಲ್ಲ. ಅದು ಕಾನೂನು, ಒಳ್ಳೆಯ ಕಾನೂನು.

ಅಂಡಮಾನಿನ ತರಕಾರಿ ಬುಟ್ಟಿ ಎಂದು ಹೆಸರಾದ ಊರು ನೀಲ್, ಹಾಗಾಗಿ ಸಸ್ಯಾಹಾರಿಗಳಾದ ನಮಗೆ ಊಟದ ಚಿಂತೆ ಇರಲಿಲ್ಲ. ದೀದಿಯ ಮಾವನ ಮನೆಯಲ್ಲಿ ಬದನೆಕಾಯಿ ಪಲ್ಯ, ಅನ್ನ, ಬೇಳೆ ಉಂಡೆವು. ಅವರದು ಮಳೆ ನಂಬಿದ ಬೇಸಾಯ. ನಮ್ಮ ಮನೆಯವರ ರಾಯಚೂರು ಹಿಂದಿ, ಅವರ ಬಂಗಾಳಿ ಹಿಂದಿ ಕೂಡಿಕೊಂಡು, ಕಾಲುವೆ, ಗೇಟು, ಭತ್ತದ ರೇಟು ಎಂದು ಇಬ್ಬರೂ ಸರಿರಾತ್ರಿವರೆಗೆ ಮಾತಾಡಿದರು.

ಹ್ಯಾವ್‌ಲಾಕ್ ಬಿಡಬೇಡಿ, ಆದರೆ ಎರಡು ರಾತ್ರಿ ಸಾಕು. ರಾಧಾನಗರ ದಂಡೆ ಪಡುವಣಕ್ಕಿದೆ. ಗಡಿಯಾರ ನಮ್ಮದೇ ಆದರೂ ಅಷ್ಟು ಮೂಡಣದಲ್ಲಿ ಚಳಿಗಾಲದ ಸೂರ್ಯ ಐದೂವರೆಯೊಳಗೇ ಮುಳುಗುತ್ತಾನೆ, ಊಟ ಮುಗಿಸಿದ ಕೂಡಲೇ ಹೊರಡಿ. ಹವಳಕ್ಕೆ ಎಲಿಫೆಂಟ್ ಬೀಚು. ಜಾಲಿ ಬಾಯ್‌ಗೆ ಹೋಗುವವರು ಅದು ವರ್ಷವಿಡೀ ತೆರೆದಿರುವುದಿಲ್ಲ ಎಂಬುದನ್ನು ನೆನಪಿಡಬೇಕು. ರಾಸ್ ದ್ವೀಪ ಪೋರ್ಟ್ ಬ್ಲೇರಿನ ಎದುರಿಗೇ ಇದೆ. ಬ್ರಿಟಿಷರ ಪಾಳು ಕಟ್ಟಡಗಳನ್ನು ಆಲದ ಬೇರು ತಬ್ಬಿಕೊಂಡಿದೆ. ಬ್ಯಾಟರಿ ಗಾಡಿ ಇರುವುದರಿಂದ ಅತ್ತೆಯೂ ಎಲ್ಲ ನೋಡಿದರು. ಸೆಲ್ಯುಲರ್ ಜೈಲಿಗೆ ಅರ್ಧ ದಿನ ಇಡಿ. ಕೈದಿಗಳ ಕೋಣೆಗಳಿದ್ದ ಏಳು ಸಾಲು ಕಟ್ಟಡಗಳಲ್ಲಿ ಈಗ ಉಳಿದಿರುವುದು ಮೂರೇ.

ಟಿಕೆಟ್ ಮಾಡಿಸುವಾಗ ಊರುಗಳ ಹೊಸ ಹೆಸರೂ ಗೊತ್ತಿರಲಿ: ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ. ಮೊದಲು ಹ್ಯಾವ್‌ಲಾಕ್, ಅಲ್ಲಿಂದ ನೀಲ್, ಕೊನೆಗೆ ಪೋರ್ಟ್ ಬ್ಲೇರ್ ಎಂದು ದೋಣಿ ಹಿಡಿಯಿರಿ. ಕೈಯಲ್ಲಿ ನಗದು ಇರಲಿ. ಕಡಲು ಕೆಟ್ಟರೆ ದೋಣಿ ನಿಲ್ಲಿಸಿಬಿಡುತ್ತಾರೆ, ಆದ್ದರಿಂದ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರಿ.