ಬಟ್ಟೆಯ ಪೆಲ್ವಿಕ್ ಫ್ಲೋರ್: ಅಂತೂ ಕೆಳಗಿಳಿಯಿತು

ಅಂತೂ ಇಳಿಯಿತು! ನಾನು ಬಟ್ಟೆಯಲ್ಲಿ ಹೊಲಿಯುತ್ತಿರುವ ಪೆಲ್ವಿಕ್ ಫ್ಲೋರ್, ಅಂದರೆ ಸೊಂಟದ ಮೂಳೆಗಳ ತಳದಲ್ಲಿರುವ ಸ್ನಾಯುಗಳ ಹಾಸಿನ ಮಾಡೆಲ್ ಇದು. ಮೇಲಿನ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಬಟ್ಟೆ ಒತ್ತಿದರೆ ಕೆಳಗಿನ ತಳ ಮೆಲ್ಲಗೆ ಇಳಿದು ಸಡಿಲವಾಗುತ್ತಿದೆ. ಬಿಟ್ಟರೆ ಮೇಲೆ ಬರುತ್ತಿದೆ. ಫಿಸಿಯೋ ಮೇಡಂ ಕ್ಲಿನಿಕ್ಕಿಗೆ ಕೇಳಿದ್ದೇ ಇದನ್ನು.

ಮೂಳೆಗೆ ಪ್ಲಾಸ್ಟಿಕ್ ಮಾಡೆಲ್ಲೇ ಇದೆ. ಕಟಿಂಗ್, ಹೊಲಿಗೆ ನಿಮಗೆ ಗೊತ್ತಿರುವುದೇ. ತಲೆ ತಿಂದಿದ್ದು ಪ್ಯುಬೊರೆಕ್ಟಾಲಿಸ್. ಮುಂದಿನ ಪ್ಯೂಬಿಕ್ ಮೂಳೆಯಿಂದ ಹೊರಟು, ಗುದನಾಳವನ್ನು ಹಿಂದಿನಿಂದ ಬಳಸಿ, ಮತ್ತೆ ಮುಂದಕ್ಕೇ ಬರುವ ಸ್ನಾಯುವಿನ ಪಟ್ಟಿ ಅದು. ಎಲಾಸ್ಟಿಕ್ ಹಾಕಿದರೆ ಸದಾ ಒಂದೇ ಬಿಗಿ. ವಜೈನಿಸ್ಮಸ್ (ಯೋನಿಯ ಸುತ್ತಲಿನ ಸ್ನಾಯು ತಾನಾಗಿಯೇ ಬಿಗಿಯುವ ತೊಂದರೆ) ಇರುವ ನಮಗೆ ಆಗುವುದೇ ಬೇರೆ. ಏನೋ ಹತ್ತಿರ ಬಂತು ಅನ್ನುವಷ್ಟರಲ್ಲಿ, ನಾವು ಬೇಡ ಅಂದರೂ ಬಿಗಿದುಕೊಳ್ಳುತ್ತದೆ, ಕಣ್ಣಿನ ಹತ್ತಿರ ಕೈ ಬಂದರೆ ರೆಪ್ಪೆ ಮುಚ್ಚುವ ಹಾಗೆ. "ಸುಮ್ನೆ ರಿಲ್ಯಾಕ್ಸ್ ಆಗಮ್ಮ" ಅನ್ನುವವರಿಗೆ ಇದನ್ನೇ ತೋರಿಸಬೇಕಿತ್ತು.

ಎಲಾಸ್ಟಿಕ್ ಕಥೆಯೂ ಹೇಳಬೇಕು. ಚಿಕ್ಕಪೇಟೆಯ ಒಂದು ಅಂಗಡಿಯವರು ಕೊಟ್ಟಿದ್ದು ನಾಲ್ಕು ಸಲ ಎಳೆಯುವಷ್ಟರಲ್ಲಿ ಜೋತುಬಿತ್ತು. ಬದಲಾಯಿಸಿ ಅಂದರೆ "ಏತಕ್ಕೆ ಮೇಡಂ, ಲಂಗಕ್ಕಾ?" ಅಂದರು. ಏತಕ್ಕೆ ಅಂತ ಬಿಡಿಸಿ ಹೇಳಿದೆ. ಮರುಮಾತಿಲ್ಲದೆ ಹೊಸ ಸುರುಳಿ ಕೈಗೆ ಬಂತು!

ಆದರೆ ಕೆಲಸಕ್ಕೆ ಬಂದಿದ್ದು ಲಂಗದ ಲಾಡಿಯೇ. ಪಟ್ಟಿಯೊಳಗೆ ಲಾಡಿ ಹಾಯಿಸಿ, ತುದಿಗಳನ್ನು ವಪೆಗೆ ಕಟ್ಟಿದೆ. ಉಸಿರೆಳೆದಾಗ ವಪೆ ಇಳಿಯುತ್ತದಲ್ಲ, ಲಾಡಿ ಸಡಿಲವಾಗಿ ತಳವೂ ಇಳಿಯುತ್ತದೆ. ದೇಹದಲ್ಲಿ ಈ ಕೆಲಸ ಮಾಡುವುದು ಹೊಟ್ಟೆಯೊಳಗಿನ ಒತ್ತಡ. ಬಿಗಿತ ತೋರಿಸಲು ಹಿಂದೆ ಇನ್ನೊಂದು ದಾರ. ಅದನ್ನು ಜಗ್ಗಿ ಹಿಡಿದರೆ ಎಷ್ಟೇ ಒತ್ತಿದರೂ ತಳ ಕದಲುವುದಿಲ್ಲ.

ಆಗಲೇ ಬಿಗಿದಿರುವ ಸ್ನಾಯುವಿಗೆ ಕೆಗೆಲ್ (ತಳದ ಸ್ನಾಯುಗಳನ್ನು ಬೇಕೆಂದೇ ಬಿಗಿಸಿ ಬಿಡುವ ವ್ಯಾಯಾಮ) ಮಾಡಿಸಿದರೆ ನೋವು ಜಾಸ್ತಿಯಾಗಬಹುದು ಅನ್ನುವುದು ಈಗ ಕಣ್ಣಿಗೇ ಕಾಣುತ್ತದೆ. ಮೊದಲು ಸಡಿಲ ಬಿಡುವುದನ್ನು ಕಲಿಯಬೇಕು. ಡೈಲೇಟರ್ (ಯೋನಿಯೊಳಗೆ ಇಡುವ, ಬೇರೆ ಬೇರೆ ಗಾತ್ರದ ನುಣುಪಾದ ಸಾಧನ) ಕೂಡ ಯೋನಿಯನ್ನು ದೊಡ್ಡದು ಮಾಡಲಿಕ್ಕಲ್ಲ. ಮುಟ್ಟಿದರೂ ಬಿಗಿಯದೆ ಇರುವ ಅಭ್ಯಾಸಕ್ಕೆ. ಅದಕ್ಕೇ ತೀರಾ ಸಣ್ಣದರಿಂದ ಶುರು. ನೋವಿನ ಭಯಕ್ಕೆ ಬಿಗಿಯುತ್ತದೆ, ಬಿಗಿದಿದ್ದಕ್ಕೆ ಮತ್ತೆ ನೋವು. 2013ರ ಡಿಎಸ್ಎಂ-5 (ಅಮೆರಿಕದ ಮನೋವೈದ್ಯರ ರೋಗನಿರ್ಣಯದ ಕೈಪಿಡಿ) ನೋವು, ಬಿಗಿತ ಈ ಎರಡನ್ನೂ ಒಂದೇ ಹೆಸರಿನಡಿ ತಂದಿದ್ದು ನನಗೆ ಸರಿಯಾಗಿಯೇ ಕಾಣುತ್ತದೆ.

ಮುಂದಿನದು ಆಬ್ಟ್ಯುರೇಟರ್ ಇಂಟರ್ನಸ್. ಪೆಲ್ವಿಸ್ ಒಳಗಡೆಯಿಂದ ಹೊರಟು, ಮೂಳೆಯ ಅಂಚಿನಲ್ಲಿ ಹೆಚ್ಚುಕಡಿಮೆ 90 ಡಿಗ್ರಿ ತಿರುಗಿ, ತೊಡೆಮೂಳೆಗೆ ಅಂಟುವ ಸ್ನಾಯು. ಪೆಲ್ವಿಕ್ ನೋವಿರುವ ಎಷ್ಟೋ ಜನರಲ್ಲಿ ಇದೂ ಬಿಗಿದಿರುತ್ತದೆ. ಆ ತಿರುವಿನಲ್ಲಿ ಸ್ಯಾಟಿನ್ ರಿಬ್ಬನ್ ಜಾರುತ್ತಿದೆ. ಕಾಟನ್ ಟೇಪ್ ಹಾಕಿ ನೋಡಬೇಕು. ಅರ್ಧ ಇಂಚಿನದು ಯಾರ ಹತ್ತಿರವಾದರೂ ಉಳಿದಿದೆಯಾ?