ಮರಿಯಮ್ಮ ಅಷ್ಟು ದೊಡ್ಡವಳೇಕೆ?

ಮಧ್ಯಯುಗದ ಇಟಲಿಯ ಬಲಿಪೀಠದ ಚಿತ್ರಗಳ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: ಯೇಸುವಿನ ತಾಯಿ ಮರಿಯಮ್ಮನನ್ನು ಸುತ್ತಲಿನ ಸಂತರಿಗಿಂತ ಅಷ್ಟು ದೊಡ್ಡದಾಗಿ ಬರೆದಿದ್ದಾರಲ್ಲ, ಆ ಚಿತ್ರಕಾರರಿಗೆ ಅಳತೆಯ ಅರಿವೇ ಇರಲಿಲ್ಲವೇ? ಚೆನ್ನಾಗಿಯೇ ಇತ್ತು ಎಂಬುದು ನನ್ನ ಉತ್ತರ. ಅದಕ್ಕೆ ಸಾಕ್ಷಿ, ಸಿಯೆನಾ ನಗರದ ಪ್ರಧಾನಾಲಯಕ್ಕಾಗಿ, ಎಂದರೆ ಅಲ್ಲಿನ ಮುಖ್ಯ ಚರ್ಚಿಗಾಗಿ, ಚಿತ್ರಕಾರ ದುಚ್ಚೊ ರಚಿಸಿದ ‘ಮಾಯೆಸ್ತಾ’ ಎಂಬ ಬಲಿಪೀಠದ ಚಿತ್ರಫಲಕ.

1308ರಲ್ಲಿ ಒಪ್ಪಂದವಾಗಿ, 1311ರ ಜೂನ್ 9ರಂದು ಮೆರವಣಿಗೆಯಲ್ಲಿ ಪ್ರಧಾನಾಲಯವನ್ನು ಸೇರಿದ ಈ ಫಲಕಕ್ಕೆ ಎರಡು ಮುಖಗಳಿದ್ದವು. ಜನರತ್ತ ತಿರುಗಿದ ಮುಂಭಾಗದಲ್ಲಿ, ಸುಮಾರು 4 ಮೀಟರ್ ಅಗಲದ ಬಂಗಾರದ ಹಿನ್ನೆಲೆಯ ನಡುವೆ, ಅಮೃತಶಿಲೆಯ ಸಿಂಹಾಸನದಲ್ಲಿ ಬಾಲಯೇಸುವಿನೊಡನೆ ಮರಿಯಮ್ಮ ಕುಳಿತಿದ್ದಾಳೆ. ಇಬ್ಬದಿಗೂ ಸಂತರು ಮತ್ತು ದೇವದೂತರು ಸಾಲುಗಟ್ಟಿದ್ದಾರೆ. 1260ರ ಮೊಂತಪೆರ್ತಿ ಕದನದಲ್ಲಿ ಫ್ಲಾರೆನ್ಸನ್ನು ಸೋಲಿಸಿದ್ದು ಮರಿಯಮ್ಮನ ಕೃಪೆಯಿಂದಲೇ ಎಂದು ನಂಬಿದ್ದ ಸಿಯೆನಾಗೆ ಆಕೆ ಊರಿನ ಒಡತಿಯೇ ಆಗಿದ್ದಳು. ಮುಂಸಾಲಿನಲ್ಲಿ ಮಂಡಿಯೂರಿದ ನಾಲ್ವರು ರಕ್ಷಕ ಸಂತರು ಊರಿನ ಪರವಾಗಿ ಅವಳಲ್ಲಿ ಬೇಡುತ್ತಾರೆ. ಸಿಂಹಾಸನದ ಬುಡದಲ್ಲಿರುವ ಲ್ಯಾಟಿನ್ ಬರಹ ಸಿಯೆನಾಗೆ ಶಾಂತಿಯನ್ನೂ, ಅವಳನ್ನು ಹೀಗೆ ಚಿತ್ರಿಸಿದ ದುಚ್ಚೊಗೆ ಬಾಳನ್ನೂ ಕೋರುತ್ತದೆ. (ಊರಿನ ಮೊರೆಯೊಳಗೆ ತನ್ನದನ್ನೂ ಸೇರಿಸಿದ ಅವನ ಜಾಣತನ ನನಗೆ ಬಹಳ ಇಷ್ಟ.) ಬೇಡುವವರೂ ನೀಡುವವಳೂ ಒಂದೇ ಗಾತ್ರದಲ್ಲಿದ್ದಿದ್ದರೆ, ಮಂದಿರದ ದೂರದ ತುದಿಯಲ್ಲಿ ನಿಂತ ಭಕ್ತನ ಕಣ್ಣಿಗೆ ಈ ಸಂಬಂಧ ಇಷ್ಟು ಸುಲಭವಾಗಿ ಕಾಣುತ್ತಿರಲಿಲ್ಲ.

ಹಿಂಬದಿಯದು ಬೇರೆಯೇ ಬಗೆ. ಯಾಜಕರು ಹತ್ತಿರದಿಂದ ನೋಡಬಹುದಾಗಿದ್ದ ಆ ಮುಖದಲ್ಲಿ ಯೇಸುವಿನ ಪಾಡುಗಳನ್ನು 26 ಸಣ್ಣ ದೃಶ್ಯಗಳಲ್ಲಿ, ಕೆಳಗಿನಿಂದ ಮೇಲಕ್ಕೆ ಸಾಗುವ ಕಥೆಯಾಗಿ ಬಿಡಿಸಲಾಗಿದೆ. ಅಲ್ಲಿ ಯೇಸು ಶಿಷ್ಯರಿಗಿಂತ ದೈತ್ಯನಾಗಿ ಎದ್ದು ನಿಲ್ಲುವುದಿಲ್ಲ. ಮನುಷ್ಯರ ನಡುವಿನ ಮನುಷ್ಯನಾಗಿಯೇ ಇದ್ದಾನೆ. ಒಂದೆಡೆ, ಕೆಳಗಿನ ಅಂಗಳದಲ್ಲಿ ಬೆಂಕಿ ಕಾಯಿಸುತ್ತ ಕುಳಿತ ಶಿಷ್ಯ ಪೇತ್ರನು ಯೇಸುವನ್ನು ತಾನರಿಯೆನೆನ್ನುತ್ತಿರುವಾಗಲೇ, ಅಲ್ಲಿಂದ ಏರಿದ ಮೆಟ್ಟಿಲುಗಳು ಮೇಲಿನ ದೃಶ್ಯದಲ್ಲಿ ಯೇಸುವಿನ ವಿಚಾರಣೆ ನಡೆದಿರುವ ಕೋಣೆಯನ್ನು ಮುಟ್ಟುತ್ತವೆ. ಎರಡು ಘಟನೆಗಳನ್ನು ಒಂದೇ ಮನೆಯೊಳಗೆ, ಒಂದೇ ಗಳಿಗೆಯಲ್ಲಿ ಹೀಗೆ ಕೂಡಿಸಬಲ್ಲವನಿಗೆ ಅಳತೆ ತಿಳಿಯದೆಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಹಿಂದೆ ಕಥೆ ಹೇಳಬೇಕಿತ್ತು, ಮುಂದೆ ದರ್ಶನ ಕೊಡಬೇಕಿತ್ತು. ಗಾತ್ರದ ಲೆಕ್ಕ ಅದಕ್ಕೆ ತಕ್ಕಂತೆ ಬದಲಾಗಿದೆ.

1771ರಲ್ಲಿ ಈ ಫಲಕವನ್ನು ಗರಗಸದಿಂದ ಸೀಳಿ ಎರಡೂ ಮುಖಗಳನ್ನು ಬೇರ್ಪಡಿಸಿದರು. ಬಹುಭಾಗ ಸಿಯೆನಾದ ಮ್ಯೂಸಿಯಂನಲ್ಲಿ ಉಳಿದಿದ್ದರೂ ಕೆಲವು ತುಂಡುಗಳು ಲಂಡನ್, ವಾಷಿಂಗ್ಟನ್ ಸೇರಿವೆ. ಮುಂಭಾಗದ ಚಿತ್ರವೊಂದನ್ನೇ ಕಂಡವರು ಈ ಪ್ರಶ್ನೆ ಕೇಳಿದರೆ ನನಗೆ ಅಚ್ಚರಿಯಿಲ್ಲ.